ಮೆಟ್ಟಿಲೆಷ್ಟು, ನೀರುಂಟೇ?

ಕಳೆದ ದಸರೆಯ ರಜೆಯಲ್ಲಿ ನಾವು ಸಕುಟುಂಬವಾಗಿ ಆಗುಂಬೆಯ ಘಟ್ಟವಿಳಿದು ಉಡುಪಿಯ ಕಡೆಗೆ ಪ್ರವಾಸ ಹೋಗಿದ್ದೆವು. ದಿನಕ್ಕೊಂದು ಊರು, ರಾತ್ರಿಗೊಂದು ವಸತಿ ಎಂಬುದು ನಮ್ಮ ಯೋಜನೆ. ಎಪ್ಪತ್ತೆಂಟರ ತಾಯಿಯವರ ಮೊಣಕಾಲುಗಳನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲ ರಾತ್ರಿಯ ಕೋಣೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ನಸುಕಿನಲ್ಲಿ ನಲ್ಲಿಗೆ ನೀರೂ ಬರಲಿಲ್ಲ. ಸ್ನಾನ, ಲಿಂಗಪೂಜೆಗಳಾಗದೆ ಏನನ್ನೂ ಸೇವಿಸದ ತಾಯಿಯವರು ಹತ್ತು ಗಂಟೆಯವರೆಗೆ ಉಪವಾಸವಿದ್ದರು. "ನೀವೆಲ್ಲ ನೋಡಿ ಬರ್ರಿ, ನಾ ಇಲ್ಲೇ ಇರ್ತೀನಿ" ಎಂದು ಅವರು ಹೇಳಿದಾಗ ನಾವು ತಲೆ ತಗ್ಗಿಸಿದೆವು.

ಅಂದೇ ಮಣಿಪಾಲದಲ್ಲಿ ನೆಲಮಹಡಿಯ ಕೋಣೆಯೊಂದನ್ನು ಹಿಡಿದು ಮೂರು ರಾತ್ರಿ ಅಲ್ಲಿಯೇ ತಂಗಿದೆವು. ಉಡುಪಿ ಐದಾರು ಕಿಲೋಮೀಟರು. ಕಾಪು, ಕಾರ್ಕಳಗಳೂ ಹಗಲಿನಲ್ಲಿಯೇ ಹೋಗಿ ಬರುವಷ್ಟು ಹತ್ತಿರ. ಉಡುಪಿಯ ರಥಬೀದಿಯನ್ನು ತಾಯಿಯವರು ನಿಧಾನವಾಗಿ ಸುತ್ತಿದರು. ಕಾಪುವಿನಲ್ಲಿ ಮಕ್ಕಳು 1901ರ ದೀಪಸ್ತಂಭದತ್ತ ಓಡಿದರೆ, ಅವರು ಮರಳಿನಲ್ಲಿ ಕುಳಿತು ಕಡಲು ನೋಡಿದರು. ಕಾರ್ಕಳದಲ್ಲಿ 1432ರ, ಸುಮಾರು 42 ಅಡಿ ಎತ್ತರದ ಗೊಮ್ಮಟನಿಗೆ ಬೆಟ್ಟದ ಬುಡದಿಂದಲೇ ಕೈಮುಗಿದರು.

ಹಿರಿಯರೊಡನೆ ಹೊರಡುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ: ವಸತಿಯ ಬಾಡಿಗೆ ವಿಚಾರಿಸುವ ಮೊದಲು ಮೆಟ್ಟಿಲೆಷ್ಟು, ನಸುಕಿಗೆ ನೀರುಂಟೇ ಎಂದು ವಿಚಾರಿಸಿರಿ.