ಅಕ್ಕನ ಬಿಎಂಐ, ನನ್ನ ತಪ್ಪು ಲೆಕ್ಕ

ನಮ್ಮೂರು ಕೆಮ್ಮಣ್ಣು. ಹಾಸ್ಟೆಲಲ್ಲಿ ಊರಿನ ಹೆಸರು ಹೇಳಿದ ಕೂಡಲೇ "ಓ, ಹ್ಯಾಂಗಿಂಗ್ ಬ್ರಿಡ್ಜ್!" ಅಂತಾರೆ. ಹೌದು, ಅದೇ ಊರು. ಆದರೆ ನಾನೀಗ ಬರೀತಿರೋದು ನನ್ನ ಅಕ್ಕನ ಬಗ್ಗೆ. ಅವಳನ್ನು ಕೇಳಿಯೇ ಬರೆದಿದ್ದೇನೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ತಪ್ಪಿದ್ದರೆ ಕ್ಷಮಿಸಿ.

ಕಳೆದ ಸೆಮ್ ರಜೆಗೆ ಮನೆಗೆ ಹೋದಾಗ ಅಕ್ಕನಿಗೆ ಆರು ತಿಂಗಳು. ಅಮ್ಮ, ದೊಡ್ಡಮ್ಮ ಇಬ್ಬರದ್ದೂ ಒಂದೇ ಮಾತು: "ಈಗ ಇಬ್ಬರ ಊಟ ಮಾಡ್ಬೇಕು." ಬೆಳಿಗ್ಗೆ ತುಪ್ಪ, ಸಂಜೆ ಬನ್ಸ್. ಇನ್ನೊಂದು ಕಡೆ, ಚೆಕಪ್ಪಿಗೆ ಹೋದಲ್ಲಿ ಅರ್ಧ ನಿಮಿಷದಲ್ಲಿ ಹೇಳಿ ಕಳಿಸಿದ್ದರು: "ವೇಯ್ಟ್ ಜಾಸ್ತಿ ಉಂಟು, ಕಂಟ್ರೋಲ್ ಮಾಡಿ." ಎಷ್ಟು ಜಾಸ್ತಿ, ಎಂತ ತಿನ್ನಬೇಕು, ಅದನ್ನು ಅವರು ಹೇಳಲಿಲ್ಲ. ನಾಚಿಕೆಯಿಂದ ಅಕ್ಕ ಕೇಳಲೂ ಇಲ್ಲ.

ಆಗ ಬಂದದ್ದು ಎಂಜಿನಿಯರ್, ಅಂದ್ರೆ ನಾನು. ತಾಯಿ ಕಾರ್ಡ್ ತೆರೆದೆ. ಎತ್ತರ 158 ಸೆಂಟಿಮೀಟರ್, ತೂಕ 82 ಕೆಜಿ. ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. ಬಂದದ್ದು 32.8. "ಅಕ್ಕ, ನೀನು ಒಬೀಸ್ ಕೆಟಗರಿ. ಮಗುವಿಗೂ ರಿಸ್ಕ್" ಅಂದೆ, ಲ್ಯಾಬಲ್ಲಿ ರೀಡಿಂಗ್ ಹೇಳಿದ ಹಾಗೆ. ಅವಳು ಏನೂ ಮಾತಾಡಲಿಲ್ಲ.

ಅವತ್ತಿಂದ ಅಕ್ಕ ರಾತ್ರಿ ಊಟ ಬಿಟ್ಟಳು. ಎದೆಯುರಿ ಇರಬೇಕು ಅಂತ ಅಮ್ಮ ತಿಳಿದುಕೊಂಡಿದ್ದರು. ನಾಲ್ಕನೇ ದಿನ ಅಂಗಳದಲ್ಲಿ ತಲೆ ತಿರುಗಿ ಕೂತೇ ಬಿಟ್ಟಳು. ನೀರು ಕೊಟ್ಟು ಕೇಳಿದ್ರೆ, "ಮಗುವಿಗೆ ರಿಸ್ಕ್ ಅಂತ ನೀನೇ ಹೇಳಿದ್ದಲ್ಲ ಮಾರಾಯ" ಅಂದಳು. ನನಗೆ ಮುಖ ಎತ್ತಲಿಕ್ಕೆ ಆಗಲಿಲ್ಲ.

ಮರುದಿನ 9ನೇ ತಾರೀಕು. 2016ರಲ್ಲಿ ಶುರುವಾದ ಕೇಂದ್ರದ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಉಂಟು. ಆಶಾ ಅಕ್ಕ ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಿಯ ಸಿಸ್ಟರ್ ನನ್ನ ಲೆಕ್ಕ ಕೇಳಿ ನಕ್ಕರು. "ಈಗಿನ ತೂಕದಲ್ಲಿ ಮಗು, ಮಾಸು, ನೀರು, ಹೆಚ್ಚಾದ ರಕ್ತ ಎಲ್ಲ ಸೇರಿದೆ. ಬಿಎಂಐಗೆ ಬಸಿರಿಗಿಂತ ಮೊದಲಿನ ತೂಕ ಹಿಡೀಬೇಕು. ಅದು ಗೊತ್ತಿಲ್ಲದಿದ್ರೆ ಶುರುವಿನ ತಿಂಗಳಿನದ್ದು."

ಕಾರ್ಡಿನಲ್ಲಿ ಮೊದಲ ತೂಕ 78. ಬಿಎಂಐ 31.2. ಸಿಸ್ಟರ್ ಅದನ್ನೂ ಮುಚ್ಚಿಡಲಿಲ್ಲ: ಇದು ಬೊಜ್ಜೇ, ಇದರಿಂದ ಶುಗರ್, ಬಿಪಿ, ಸಿಸೇರಿಯನ್ ಸಾಧ್ಯತೆ ಹೆಚ್ಚು. ಅದಕ್ಕೇ ಒಂದು ಚೆಕಪ್ಪೂ ತಪ್ಪಿಸಬಾರದು. ಆದರೆ ಊಟ ಬಿಟ್ಟು ತೂಕ ಇಳಿಸುವ ಸಮಯ ಇದಲ್ಲ. 2009ರ ಅಮೆರಿಕದ ಮಾರ್ಗಸೂಚಿ ಪ್ರಕಾರ ಬಿಎಂಐ 30 ದಾಟಿದವರು ಇಡೀ ಬಸಿರಿನಲ್ಲಿ 5ರಿಂದ 9 ಕೆಜಿ ಏರಬಹುದು. ಸಾಮಾನ್ಯ ತೂಕದವರು 11.5ರಿಂದ 16. ಅಕ್ಕ ಏರಿದ್ದು ಬರೀ 4! "ನೀವು ಸರಿಯಾಗೇ ಇದ್ರಿ. ಊಟ ಬಿಟ್ಟದ್ದೇ ತಪ್ಪು" ಅಂದಾಗ ಅಕ್ಕನ ಕಣ್ಣಲ್ಲಿ ನೀರು.

"ಇಬ್ಬರ ಊಟ"ವೂ ಬೇಡವಂತೆ. ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆಯ ಲೆಕ್ಕದಲ್ಲಿ ಸಾಮಾನ್ಯ ತೂಕದ ಗರ್ಭಿಣಿಗೇ ದಿನಕ್ಕೆ ಹೆಚ್ಚು ಬೇಕಾದ್ದು 350 ಕ್ಯಾಲೊರಿ. ಕುಚ್ಚಲಕ್ಕಿ ಅನ್ನ ಸ್ವಲ್ಪ ಕಡಿಮೆ, ಬಸಳೆ, ಹರಿವೆ, ಬೇಳೆ ಜಾಸ್ತಿ. ಬಂಗುಡೆ ಫ್ರೈ ಬದಲು ಸಾರು. ಡಾಕ್ಟರ್ ಬೇಡ ಅನ್ನದಿದ್ರೆ ದಿನಾ ಅರ್ಧ ಗಂಟೆ ನಡಿಗೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡಿದರು. 140 ಮುಟ್ಟಿದರೆ ಗರ್ಭಾವಸ್ಥೆಯ ಶುಗರ್. ಅಕ್ಕನದ್ದು 126.

ಬಿಎಂಐ ಲೆಕ್ಕ ಹಾಕುವ ಆ್ಯಪ್ ನಮ್ಮಲ್ಲಿ ಯಾರು ಬೇಕಾದ್ರೂ ಒಂದು ರಾತ್ರಿಯಲ್ಲಿ ಮಾಡ್ತೇವೆ. ಆದರೆ ಉತ್ತರ ಬಂದ ಮೇಲೆ ಎದುರಿಗಿದ್ದವರು ಎಂತ ಮಾಡಬೇಕು ಅಂತ ನಾನು ಯೋಚಿಸಲೇ ಇಲ್ಲ. ನಿಮ್ಮ ಮನೆಯಲ್ಲೂ ಅಕ್ಕನೋ ಅತ್ತಿಗೆಯೋ ಬಸುರಿ ಇದ್ದರೆ ತಾಯಿ ಕಾರ್ಡನ್ನು ಅವರ ಜೊತೆ ಕೂತು ಓದಿ. ಗೊತ್ತಾಗದ್ದನ್ನು ಬರೆದಿಟ್ಟು ಆಸ್ಪತ್ರೆಯಲ್ಲಿ ಕೇಳಿ. "ದಪ್ಪ" ಅನ್ನೋ ಮಾತು ಮಾತ್ರ ಬೇಡ.

ಮುಂದಿನ ತಿಂಗಳು ಅಕ್ಕನ ಬಯಕೆ ಆಯಿತು. ದೊಡ್ಡಮ್ಮ ಮೂರನೇ ಲಾಡು ಬಡಿಸಲು ಬಂದಾಗ ಅಕ್ಕ ಎಲೆಗೆ ಕೈ ಅಡ್ಡ ಹಿಡಿದಳು. ಊಟ ಮಾತ್ರ ಪೂರ್ತಿ ಮಾಡಿದಳು.