ಹುಣಸೂರಿನ ಬದುವಿನಲ್ಲಿ ಆಲಿಕೆ ಬಲೆ

ಮಾಗಿಯ ಬೆಳಗ್ಗೆ ಹುಣಸೂರಿನ ಕಡೆ ಹೊಲದ ಬದುವಿನ ಮೇಲೆ ನಡೆದವರಿಗೆ ಈ ನೋಟ ಗೊತ್ತಿರುತ್ತದೆ. ಗರಿಕೆಯ ಮೇಲೆ ಯಾರೋ ಬಿಳಿ ಕರವಸ್ತ್ರಗಳನ್ನು ಒಣಹಾಕಿ ಮರೆತುಹೋದಂತೆ ಬಲೆಗಳು, ಅವುಗಳ ತುಂಬ ಇಬ್ಬನಿ. ಬಿಸಿಲೇರಿ ಇಬ್ಬನಿ ಆರಿದರೆ ಎಲ್ಲ ಮಾಯ. ಬಲೆ ಅಲ್ಲೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಈ ನಾಲ್ಕು ತಾಲ್ಲೂಕುಗಳಲ್ಲೇ ವರ್ಗವಾಗುತ್ತ ಬ್ಯಾಂಕಿನ ಗುಮಾಸ್ತಿಕೆ ಮುಗಿಸಿದವನು ನಾನು. ಮ್ಯಾನೇಜರ ಹಿಂದೆ ಫೈಲು ಹಿಡಿದು ಬೆಳೆಸಾಲದ ಹೊಲಗಳನ್ನು ನೋಡಲು ಹೋಗುತ್ತಿದ್ದೆ. ಹೊಗೆಸೊಪ್ಪು ಹೇಗಿದೆ, ಬ್ಯಾರನ್ನಿನ ಗೋಡೆ ನಿಂತಿದೆಯೋ ಬಿದ್ದಿದೆಯೋ ಎಂದು ನೋಡುತ್ತಿದ್ದೆನೇ ಹೊರತು ಕಾಲ ಬುಡದಲ್ಲಿ ಏನಿದೆ ಎಂದು ಬಗ್ಗಿ ನೋಡಿದವನಲ್ಲ. ನೋಡುವಂತೆ ಮಾಡಿದ್ದು ಒಂಬತ್ತು ವರ್ಷದ ಮೊಮ್ಮಗಳು.

ಮಗಳ ಸಂಸಾರ ಇರುವುದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ, ಸಿಡ್ನಿಯಿಂದ ಉತ್ತರಕ್ಕೆ. ಅಲ್ಲಿ ಡಿಸೆಂಬರ್ ಎಂದರೆ ಬೇಸಿಗೆ ರಜೆ. ಕಳೆದ ಡಿಸೆಂಬರಿನಲ್ಲಿ ಬಂದಿದ್ದರು. ಮೊದಲ ಬೆಳಗ್ಗೆಯೇ ಪುಟ್ಟಿಯನ್ನು ಕಟ್ಟೆಮಳಲವಾಡಿ ಕಡೆಯ ನಮ್ಮ ಹೊಲಕ್ಕೆ ಕರೆದುಕೊಂಡು ಹೋದೆ. ಬದು ಹತ್ತಿದವಳು ಕಂಬದಂತೆ ನಿಂತುಬಿಟ್ಟಳು.

"ತಾತ, ಬರಬೇಡ! ಫನಲ್ ವೆಬ್!"

ಬೂಟು, ಕಾಲುಚೀಲ ಎಲ್ಲ ಹಾಕಿದ್ದರೂ ಒಂದು ಹೆಜ್ಜೆ ಮುಂದಿಡಲಿಲ್ಲ. ಕಣ್ಣಲ್ಲಿ ನೀರು. ಅದೇ ಬದುವಿನ ಮೇಲೆ ಹುರುಳಿ ಕೀಳಲು ಬಂದ ಹೆಂಗಸರು ಬರಿಗಾಲಲ್ಲಿ ನಡೆದು ಹೋಗುತ್ತಿದ್ದರು. "ಯಾಕವ್ವಾ, ಜೇಡರ ಹುಳಕ್ಕೆ ಹೆದರ್ಕೊಂಡ್ಯಾ?" ಎಂದು ನಕ್ಕರು. ನನಗೂ ನಗು ಬಂತು.

ಮನೆಗೆ ಬಂದಾಗ ಮಗಳು ನಗಲಿಲ್ಲ. "ಅಪ್ಪಾ, ಅವಳ ಭಯ ಬಿಡಿಸೋಕೆ ಹೋಗಬೇಡಿ. ಇಲ್ಲಿ ಬಿಟ್ಟ ಭಯ ಅಲ್ಲಿ ಹೋದಮೇಲೆ ಏನು ಮಾಡುತ್ತೆ ಗೊತ್ತಾ? ನಮ್ಮ ಹಿತ್ತಲಲ್ಲೇ ಇದೆ ಅದು" ಎಂದಳು. ಅವಳು ಹೇಳಿದ್ದು ನಿಜ. ಸಿಡ್ನಿ ಸೀಮೆಯ ಫನಲ್ ವೆಬ್ ಜೇಡ ಜಗತ್ತಿನ ಅತ್ಯಂತ ವಿಷಕಾರಿ ಜೇಡಗಳಲ್ಲಿ ಒಂದು. ಅದರಲ್ಲೂ ಗಂಡಿನ ವಿಷ ಮನುಷ್ಯನ ನರಗಳಿಗೆ ನಾಟುತ್ತದೆ. ನಾಯಿ ಬೆಕ್ಕುಗಳಿಗೆ ಹೆಚ್ಚೇನೂ ಆಗುವುದಿಲ್ಲವಂತೆ, ವಿಚಿತ್ರ ನೋಡಿ. 1981ರಲ್ಲಿ ಅದಕ್ಕೆ ಪ್ರತಿವಿಷ ಸಿದ್ಧವಾಯಿತು. ಆಮೇಲೆ ಅದರ ಕಡಿತದಿಂದ ಒಂದು ಸಾವೂ ಆಗಿಲ್ಲ. ಹಾಗೆಂದು ಅಸಡ್ಡೆ ಮಾಡುವಂತಿಲ್ಲ. ಕಚ್ಚಿದರೆ ಬಿಗಿಯಾಗಿ ಬ್ಯಾಂಡೇಜು ಸುತ್ತಿ, ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಓಡಬೇಕು.

ಅಂದರೆ ಪುಟ್ಟಿ ಇಲ್ಲಿ ನಡೆಯಬೇಕು, ಅಲ್ಲಿ ಹೆದರಬೇಕು. ಇದನ್ನು ಮಗುವಿಗೆ ಹೇಗೆ ಹೇಳುವುದು? ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಹುಣಸೂರಿನ ಗೆಳೆಯರೊಬ್ಬರನ್ನು ಕೇಳಿದೆ. ಮಾರನೆಯ ಬೆಳಗ್ಗೆ ಒಂದು ಗಾಜಿನ ಲೋಟ, ಒಂದು ಪೋಸ್ಟ್ ಕಾರ್ಡು, ಒಂದು ಭೂತಗನ್ನಡಿ ಹಿಡಿದು ಬಂದರು.

ಬಲೆಯನ್ನು ಮೊದಲು ದೂರದಿಂದ ತೋರಿಸಿದರು. ಮೇಲೆ ಹಾಳೆಯಂತೆ ಹರಡಿದ ಭಾಗ, ಒಂದು ಕಡೆ ಸೀಮೆಎಣ್ಣೆ ಸುರಿಯುವ ಆಲಿಕೆಯಂತೆ ಕಿರಿದಾಗುತ್ತ ಹುಲ್ಲಿನ ಬುಡಕ್ಕೆ ಇಳಿಯುವ ಸುರಂಗ. ಸುರಂಗದ ಬಾಯಲ್ಲಿ ಮುಂಗಾಲು ಚಾಚಿ ಜೇಡ ಕೂತಿತ್ತು. ಮೇಷ್ಟ್ರು ಹುಲ್ಲುಕಡ್ಡಿಯಿಂದ ಹಾಳೆಯನ್ನು ಮೆಲ್ಲಗೆ ಅಲುಗಿಸಿದರು. ಬಾಣದಂತೆ ಬಂತು. ಈ ಬಲೆಗೆ ಅಂಟು ಇಲ್ಲ, ಓಟವೇ ಅದರ ಬಂಡವಾಳ. ಲೋಟ ಮುಚ್ಚಿ, ಅಡಿಗೆ ಕಾರ್ಡು ತೂರಿಸಿ, ಎತ್ತಿ ಬೆಳಕಿಗೆ ಹಿಡಿದರು. ಇದಕ್ಕೆ ವಿಜ್ಞಾನದ ಹೆಸರು ಹಿಪ್ಪಾಸ. ಆಲಿಕೆ ಬಲೆ ಕಟ್ಟಿದರೂ ಇದು ತೋಳಜೇಡಗಳ ಕುಲದ್ದು. ಮೈ ಒಂದು ಸೆಂಟಿಮೀಟರಿನ ಆಸುಪಾಸು, ಮಾಸಲು ಕಂದು, ಹೊಟ್ಟೆಯ ಮೇಲೆ ಬಿಳಿ ಚುಕ್ಕೆ.

"ಬಾಲ ಇದೆಯಲ್ಲ?" ಎಂದಳು ಪುಟ್ಟಿ, ಮೂರು ಅಡಿ ದೂರದಿಂದ. ಹೊಟ್ಟೆಯ ತುದಿಯಲ್ಲಿ ಹೊರಚಾಚಿದ ಎರಡು ಕಡ್ಡಿಗಳು ಬಾಲವಲ್ಲ, ನೂಲು ಬಿಡುವ ಕೊಳವೆಗಳು. ನ್ಯೂಕ್ಯಾಸಲ್ಲಿನ ಜೇಡಕ್ಕೂ ಹೀಗೇ ಉದ್ದ ಕೊಳವೆಗಳಿವೆ. ಹೆಸರೂ ಒಂದೇ, ಬಾಲವೂ ಒಂದೇ ಎಂದಮೇಲೆ ಮಗು ಹೆದರಿದ್ದರಲ್ಲಿ ತಪ್ಪೇನು?

ವ್ಯತ್ಯಾಸ ಇರುವುದು ಮುಂಭಾಗದಲ್ಲಿ. ಹಿಪ್ಪಾಸದ ವಿಷದ ಹಲ್ಲುಗಳು ಎದುರುಬದುರಾಗಿ ಇಕ್ಕಳದಂತೆ ಕೂಡುತ್ತವೆ. ಆಸ್ಟ್ರೇಲಿಯಾದ್ದಕ್ಕೆ ಹಲ್ಲು ಎರಡು ಪಿಕಾಸಿಗಳಂತೆ ಅಕ್ಕಪಕ್ಕ ನಿಂತು ಕೆಳಮುಖವಾಗಿ ನಾಟುತ್ತವೆ. ಅದಕ್ಕೇ ಅದು ಕಚ್ಚುವ ಮೊದಲು ಮುಂಗಾಲೆತ್ತಿ ಹಿಂದಕ್ಕೆ ವಾಲುತ್ತದೆ. ಇಬ್ಬರಿಗೂ ಎಂಟು ಕಣ್ಣು. ಹಿಪ್ಪಾಸದ್ದು ಕೆಳಗೆ ನಾಲ್ಕು, ಮೇಲೆ ಎರಡು, ಹಿಂದೆ ಎರಡು. ಅದರದ್ದು ತಲೆಯ ಮುಂದೆ ಒಂದೇ ದಿಬ್ಬದ ಮೇಲೆ ಒತ್ತೊತ್ತಾಗಿ. ಮೈಯ ಮುಂಭಾಗ ಪಾಲಿಶ್ ಹಾಕಿದ ಕಪ್ಪು ಬೂಟಿನಂತೆ ಮಿರಮಿರ. ಹೊಟ್ಟೆಯ ಅಡಿಯಲ್ಲಿ ಉಸಿರಾಟದ ಅಂಗವಿದೆ, ಲೆಡ್ಜರಿನ ಹಾಳೆ ಪೇರಿಸಿದಂತೆ ಪದರಪದರ. ಪುಸ್ತಕ ಶ್ವಾಸಕೋಶ ಎಂದೇ ಅದಕ್ಕೆ ಹೆಸರು. ಹಿಪ್ಪಾಸಕ್ಕೆ ಇಂಥ ಒಂದು ಜೊತೆ, ಅದಕ್ಕೆ ಎರಡು ಜೊತೆ. ಎರಡೂ ಕುಲಗಳು ಡೈನೋಸಾರ್‌ಗಳಿಗಿಂತ ಮೊದಲೇ ಬೇರೆಯಾದವು ಎಂದು ಮೇಷ್ಟ್ರು ಹೇಳಿದಾಗ ಪುಟ್ಟಿ ಲೋಟದ ಹತ್ತಿರ ಒಂದಡಿ ಸರಿದಿದ್ದಳು.

ಆಮೇಲೆ ಅವಳೇ ಒಂದು ಸುದ್ದಿ ಹೇಳಿದಳು. ಅವಳ ಊರಿನ ಜೇಡಕ್ಕೆ ಹೊಸ ಹೆಸರು ಬಂದಿದೆ! 1877ರಿಂದ ಸಿಡ್ನಿಯ ಫನಲ್ ವೆಬ್ ಎಂದರೆ ಅಟ್ರಾಕ್ಸ್ ರೋಬಸ್ಟಸ್ ಎಂಬ ಹೆಸರಿತ್ತು. 2025ರ ಜನವರಿಯಲ್ಲಿ ವಿಜ್ಞಾನಿಗಳು ಅದರ ಮೈಕಟ್ಟು, ಡಿಎನ್‌ಎ ಎರಡನ್ನೂ ಹೋಲಿಸಿ, ಇದು ಒಂದಲ್ಲ, ಮೂರು ಎಂದರು. ಸಿಡ್ನಿಯದ್ದಕ್ಕೆ ಹಳೆಯ ಹೆಸರೇ ಉಳಿಯಿತು. ಎರಡನೆಯದು ಅಟ್ರಾಕ್ಸ್ ಮೊಂಟಾನಸ್. ನ್ಯೂಕ್ಯಾಸಲ್ ಸುತ್ತಮುತ್ತಲಿನದ್ದು ಹೊಚ್ಚಹೊಸ ಪ್ರಭೇದ, ಅಟ್ರಾಕ್ಸ್ ಕ್ರಿಸ್ಟೆನ್ಸೆನಿ. ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕಿನಲ್ಲಿ ಜೇಡಗಳನ್ನು ನೋಡಿಕೊಳ್ಳುತ್ತಿದ್ದ ಕೇನ್ ಕ್ರಿಸ್ಟೆನ್ಸೆನ್ ಅವರ ಹೆಸರು ಅದಕ್ಕೆ. ಕಾಲು ಚಾಚಿದರೆ ಸುಮಾರು 9 ಸೆಂಟಿಮೀಟರ್. ಅಲ್ಲಿಯವರ ಬಾಯಲ್ಲಿ 'ಬಿಗ್ ಬಾಯ್'. ಪ್ರತಿವಿಷ ಇದಕ್ಕೂ ಕೆಲಸ ಮಾಡುತ್ತದೆ, ಅಷ್ಟು ಸಮಾಧಾನ.

ಬರಿಯ ದೊಡ್ಡದಾಗಿದ್ದರೆ ಬೇರೆ ಪ್ರಭೇದವಾಗಿಬಿಡುತ್ತದೆಯೇ? ಇಲ್ಲ. ಜೇಡದ ಬಾಯಿಯ ಪಕ್ಕ ಎರಡು ಚಿಕ್ಕ ಕೈಗಳಿರುತ್ತವೆ. ಬಲಿತ ಗಂಡಿಗೆ ಅದರ ತುದಿಯಲ್ಲಿ ಒಂದು ಗುಬುಟು, ಗುಬುಟಿನಿಂದ ಸೂಜಿಯಂತೆ ಒಂದು ಮೊನೆ. ಹೆಣ್ಣಿನ ಜೊತೆ ಕೂಡಲು ಇರುವ ಅಂಗ ಇದು. ನ್ಯೂಕ್ಯಾಸಲ್ಲಿನ ಗಂಡಿಗೆ ಈ ಮೊನೆ ಸಿಡ್ನಿಯದಕ್ಕಿಂತ ಉದ್ದ. ಇದು ನನಗೆ ತಕ್ಷಣ ಅರ್ಥವಾಯಿತು. ಚೆಕ್ಕಿನ ಸಹಿ ಸರಿಯಿದೆಯೇ ಎಂದು ಮಾದರಿ ಸಹಿಯ ಕಾರ್ಡಿನ ಪಕ್ಕ ಇಟ್ಟು ನೋಡುವಾಗ ನಾವು ಇಡೀ ಹೆಸರನ್ನು ಓದುತ್ತಿರಲಿಲ್ಲ; ಕೊನೆಯ ಎಳೆ ಎತ್ತ ತಿರುಗಿದೆ ಎಂದು ನೋಡುತ್ತಿದ್ದೆವು. ಜೇಡ ಪಂಡಿತರ ಕೆಲಸವೂ ಗುಮಾಸ್ತಿಕೆಯೇ ಎಂದೆ. ಮೇಷ್ಟ್ರಿಗೆ ಈ ಮಾತು ಅಷ್ಟು ಹಿಡಿಸಿದಂತೆ ಕಾಣಲಿಲ್ಲ.

ಮುಂದಿನ ವಾರವೆಲ್ಲ ನಾಲ್ಕೂ ತಾಲ್ಲೂಕು ಸುತ್ತಿದೆವು. ನೆಂಟರ ಮನೆ ಎಂಬುದು ನೆಪ. ಪಿರಿಯಾಪಟ್ಟಣದ ಬೆಟ್ಟದಪುರಕ್ಕೆ ಹೋದಾಗ ಬೆಟ್ಟದ ಬುಡದ ಹುಲ್ಲಿನಲ್ಲೂ ಬಲೆ. ಕೆ.ಆರ್. ನಗರದಲ್ಲಿ ಚಾಮರಾಜ ನಾಲೆಯ ಪಕ್ಕ ಭತ್ತ ಕೊಯ್ದ ಗದ್ದೆಯ ಬದುವಿನ ಮೇಲೆ ಪುಟ್ಟಿ ಎಣಿಸಲು ಹೊರಟು ಅರವತ್ತಾದ ಮೇಲೆ ಬಿಟ್ಟಳು. ಅಲ್ಲೊಂದು ತಾಯಿಜೇಡ ಬಿಳಿಯ ಮೊಟ್ಟೆಗಂಟನ್ನು ನೂಲುಕೊಳವೆಗೆ ಅಂಟಿಸಿಕೊಂಡು ಸುರಂಗದ ಬಾಯಿಗೆ ಬಂದಿತ್ತು. ಮರಿಗಳು ಹೊರಬಂದಮೇಲೆ ಅಮ್ಮನ ಬೆನ್ನೇರಿ ಸವಾರಿ ಮಾಡುತ್ತವೆ ಎಂದು ಮೇಷ್ಟ್ರು ಹೇಳಿದ್ದರು. ಅದನ್ನು ನೋಡಲು ನಮಗೆ ಆಗಲಿಲ್ಲ.

ಎಚ್.ಡಿ. ಕೋಟೆಯಲ್ಲಿ ಅಂತರಸಂತೆ ಕಡೆ ಪರಿಚಿತರ ಮನೆಯಲ್ಲಿ ಉಳಿದೆವು. ಆನೆ ಬರುವ ಜಾಗ, ರಾತ್ರಿ ಅಂಗಳ ದಾಟಬೇಡಿ ಎಂದರು. ಅಂಗಳದಲ್ಲೇ ನಿಂತು ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಹುಲ್ಲಿನತ್ತ ಬಿಟ್ಟೆ. ತೋಳಜೇಡಗಳ ಕಣ್ಣು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹುಲ್ಲಿನ ತುಂಬ ಹಸಿರು ಚುಕ್ಕಿಗಳು. ಪುಟ್ಟಿ ನನ್ನ ಕೈಯಿಂದ ಟಾರ್ಚು ಕಿತ್ತುಕೊಂಡಳು, ಆಮೇಲೆ ಊಟಕ್ಕೆ ಕರೆದರೂ ಬರಲಿಲ್ಲ.

ಹೊರಡುವ ಹಿಂದಿನ ಬೆಳಗ್ಗೆ ನಮ್ಮ ಬದುವಿನ ಮೇಲೆ ಬೂಟು ಬಿಚ್ಚಿ ನಡೆದಳು. ಬಲೆ ತುಳಿಯದಂತೆ ಕುಂಟಾಬಿಲ್ಲೆ ಆಡುವವಳ ಹಾಗೆ ಹಾರಿ ಹಾರಿ. ಮಗಳು ಸುಮ್ಮನೆ ನೋಡುತ್ತಿದ್ದಳು. ಅವರಿಬ್ಬರ ನಡುವೆ ಒಪ್ಪಂದ ಆಗಿತ್ತು: ನೋಡಬಹುದು, ಮುಟ್ಟುವಂತಿಲ್ಲ, ಎರಡು ಊರಲ್ಲೂ. ನ್ಯೂಕ್ಯಾಸಲ್ಲಿನಲ್ಲಿ ಬೂಟು ಹೊರಗೆ ಬಿಡುವಂತಿಲ್ಲ, ಬಿಟ್ಟರೆ ಕೊಡವದೆ ಹಾಕುವಂತಿಲ್ಲ. ಬೇಸಿಗೆಯಲ್ಲಿ ಹೆಣ್ಣನ್ನು ಹುಡುಕಿ ಅಲೆಯುವ ಗಂಡುಜೇಡ ಬೆಳಗಾದರೆ ಕತ್ತಲ ಮೂಲೆ ಹುಡುಕಿ ಸೇರಿಕೊಳ್ಳುತ್ತದೆ. ಬೂಟೂ ಅದಕ್ಕೆ ಒಂದು ಮೂಲೆಯೇ.

ಈಗ ಭಾನುವಾರ ವಿಡಿಯೊ ಕರೆ ಬಂದಾಗ ಅವಳ ಮೊದಲ ಪ್ರಶ್ನೆ ನನ್ನ ಆರೋಗ್ಯದ್ದಲ್ಲ.

"ತಾತ, ಇವತ್ತು ಚಪ್ಪಲಿ ಕೊಡವಿ ಹಾಕ್ಕೊಂಡ್ಯಾ?"

"ಹೂಂ ಪುಟ್ಟಿ, ಕೊಡವಿದೆ."

"ಏನು ಬಿತ್ತು?"

"ಒಂದು ಕಪ್ಪೆಮರಿ."