ಪೇಟೆಯಿಂದ ಸರಕು ಬರುತ್ತಿದ್ದ ದಿನಗಳು

ನಮ್ಮ ಮಾಗಡಿ ಸೀಮೆಯ ಹಳ್ಳಿ ಅಂಗಡಿಯವರಿಗೆ ಬೆಂಗಳೂರು ಅಂದರೆ ಲಾಲ್‌ಬಾಗೂ ಅಲ್ಲ, ವಿಧಾನಸೌಧವೂ ಅಲ್ಲ. ಅವರು ಕಂಡ ಬೆಂಗಳೂರೆಂದರೆ ಮಾರ್ಕೆಟ್ಟು, ಚಿಕ್ಕಪೇಟೆ, ಬಳೇಪೇಟೆ ಮತ್ತು ಅವುಗಳ ಮಗ್ಗುಲಿನ ಮಾಮೂಲ್‌ಪೇಟೆ. ‘ಅಪ್ಪ ಪೇಟೆಗೆ ಹೋಗಿದ್ದಾರೆ’ ಎಂದರೆ ಯಾವ ಪೇಟೆ ಎಂದು ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಪಿನ್ನು, ಟೇಪು, ಬಾಚಣಿಗೆ, ಗುಂಡಿ, ಗೋಲಿ, ಕುಂಕುಮದ ಭರಣಿ, ಸ್ಲೇಟು, ಬಳಪ, ಅಂಗೈಯಗಲದ ಕನ್ನಡಿ, ಹೀಗೆ ಹಳ್ಳಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಿಂಚುತ್ತಿದ್ದ ವಸ್ತುಗಳೆಲ್ಲ ಆ ಗಲ್ಲಿಗಳಿಂದಲೇ ಬರಬೇಕಿತ್ತು. ಗೌರಿ ಹಬ್ಬಕ್ಕೆ ಮುಂಚೆ, ಊರ ಜಾತ್ರೆಗೆ ಮುಂಚೆ, ಜೂನ್‌ನಲ್ಲಿ ಸ್ಕೂಲು ತೆರೆಯುವುದಕ್ಕೆ ಮುಂಚೆ ಅಪ್ಪ ಪೇಟೆಗೆ ಹೊರಡುತ್ತಿದ್ದರು. ರಜೆಯಿದ್ದರೆ ನನ್ನನ್ನೂ ಕರೆದೊಯ್ಯುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಮೊದಲನೇ ಬಸ್ಸು ಮಾಗಡಿ ರಸ್ತೆಯ ಟೋಲ್‌ಗೇಟ್ ದಾಟುತ್ತಿದ್ದ ಹಾಗೆ ಸೈಕಲ್ಲುಗಳ ಹೊಳೆ ಎದುರಾಗುತ್ತಿತ್ತು. ಹ್ಯಾಂಡಲ್ಲಿಗೆ ಬುತ್ತಿ ಕ್ಯಾರಿಯರ್ ತೂಗುಹಾಕಿಕೊಂಡು ಬಿನ್ನಿಮಿಲ್ಲಿನ ಪಾಳಿಗೆ ಹೋಗುವವರು. ಮಿಲ್ಲಿನ ಕೂಗು ಕೇಳಿದರೆ ಬಸ್ಸಿನಲ್ಲಿದ್ದ ಹಿರಿಯರು ಕೈಗಡಿಯಾರವಿಲ್ಲದೆಯೇ ಗಂಟೆ ಹೇಳುತ್ತಿದ್ದರು. ಈಗ ಆ ಕೂಗೂ ಇಲ್ಲ, ಪಾಳಿಯೂ ಇಲ್ಲ. ಮಿಲ್ಲಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಮುಗಿಲಿಗೆ ಮುಖ ಮಾಡಿ ನಿಂತಿವೆ. ಅಲ್ಲಿ ವಾಸ ಮಾಡುವವರಿಗೆ ತಮ್ಮ ಕಾಲ ಕೆಳಗೆ ಮಗ್ಗಗಳು ಓಡಾಡಿದ್ದವು ಎಂಬ ಕಲ್ಪನೆಯಾದರೂ ಇದೆಯೋ ಇಲ್ಲವೋ.

ಇಳಿಯುತ್ತಿದ್ದುದು ಮಾರ್ಕೆಟ್‌ನಲ್ಲಿ. 1928ರ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಲ್ಲಿನ ಮುಖಮಂಟಪದ ಮುಂದೆ ಮಲ್ಲಿಗೆ, ಸೇವಂತಿಗೆ, ಕೊಳೆತ ಎಲೆಕೋಸು, ಕುದುರೆ ಲದ್ದಿ ಎಲ್ಲ ಕೂಡಿದ ಒಂದು ವಾಸನೆ ಮೂಗಿಗೆ ಅಡರುತ್ತಿತ್ತು. ಜಟಕಾಗಳು ಸಾಲಾಗಿ ನಿಂತಿರುತ್ತಿದ್ದವು, ಕುದುರೆಗಳ ಮೂತಿಗೆ ಹುರುಳಿ ಚೀಲ. ಈಗ ಅದೇ ಜಾಗದ ನೆತ್ತಿಯ ಮೇಲೆ ಟೌನ್‌ಹಾಲಿನಿಂದ ಸಿರ್ಸಿ ವೃತ್ತದ ಕಡೆಗೆ ಮೇಲುಸೇತುವೆ ಹಾದುಹೋಗಿದೆ. ಅದರ ಮೇಲೆ ಕಾರಿನಲ್ಲಿ ಹೋಗುವವರು ಇಡೀ ಮಾರ್ಕೆಟ್ಟನ್ನು ಅರೆಕ್ಷಣದಲ್ಲಿ ದಾಟಿಬಿಡುತ್ತಾರೆ. ಕೆಳಗೆ ಹೂವಿನ ರಾಶಿ ಇದ್ದದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಮಾರ್ಕೆಟ್ಟಿನಿಂದ ಅಪ್ಪನ ಕೈ ಹಿಡಿದು ನಡೆದರೆ ಒಂದೊಂದು ಬೀದಿಗೂ ಒಂದೊಂದು ಕಸುಬು. ತರಗುಪೇಟೆಯಲ್ಲಿ ಕಾಳುಕಡಿ, ಬೆಲ್ಲ. ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆಗಳಿಗೆ ಬೋರ್ಡೇ ಬೇಡ, ಹೆಸರೇ ಸಾಕು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ, ಕ್ಯಾಲೆಂಡರು. ದೊಡ್ಡಪೇಟೆ ಎನ್ನುತ್ತಿದ್ದ ಅವೆನ್ಯೂ ರಸ್ತೆಯಲ್ಲಿ ಪುಸ್ತಕ. 1537ರಲ್ಲಿ ಕೆಂಪೇಗೌಡ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಕಡೆಯಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದ ಕತೆಯನ್ನು ಅಪ್ಪ ಆ ವೃತ್ತದಲ್ಲಿ ನಿಂತೇ ಹೇಳುತ್ತಿದ್ದರು. 1638ರಲ್ಲಿ ಬಿಜಾಪುರದವರು ಬೆಂಗಳೂರನ್ನು ಕಿತ್ತುಕೊಂಡ ಮೇಲೆ ಗೌಡರ ಮನೆತನ ನಮ್ಮ ಮಾಗಡಿಗೆ ಬಂದು ನೆಲೆಸಿತಲ್ಲ, ಅದು ಅವರಿಗೆ ದೊಡ್ಡ ಹೆಮ್ಮೆ. ‘ಲೆಕ್ಕಕ್ಕೆ ಈ ಪೇಟೆ ನಮ್ಮೂರಿನವರದ್ದೇ ಕಣೋ, ಸುಮ್ಮನೆ ಇವರ ಹತ್ತಿರ ಕೊಂಡುಕೊಳ್ಳುತ್ತಿದ್ದೇವೆ’ ಎಂದು ನಗುತ್ತಿದ್ದರು.

ಮಾಮೂಲ್‌ಪೇಟೆಯ ಆ ಅಂಗಡಿಗೆ ಮೂರು ಮೆಟ್ಟಿಲು. ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಹೋದರೆ ಬಿಳಿ ಹಾಸಿನ ಗಾದಿ, ಒರಗುದಿಂಬು, ಇಳಿಜಾರಿನ ಮರದ ಪೆಟ್ಟಿಗೆ, ಅದರ ಹಿಂದೆ ಸೇಟು. ಮಾರವಾಡದಿಂದ ಬಂದ ಮನೆತನ. ಮನೆಯವರ ಜೊತೆ ಅವರದೇ ಭಾಷೆ, ಕೂಲಿಗಳ ಜೊತೆ ತೆಲುಗು, ತಮಿಳು, ಉರ್ದು, ಅಪ್ಪನ ಜೊತೆ ನಮ್ಮ ಸೀಮೆಯ ರಾಗದ ಕನ್ನಡ. ಅಪ್ಪ ಜೇಬಿನಿಂದ ಪಟ್ಟಿ ತೆಗೆಯುವ ಮೊದಲೇ ಅವರ ಪ್ರಶ್ನೆ ಬರುತ್ತಿತ್ತು, ‘ಮಳೆ ಆಯ್ತಾ ಯಜಮಾನ್ರೇ? ರಾಗಿ ಹೇಗಿದೆ?’ ಉಪಚಾರಕ್ಕೆ ಕೇಳುವ ಮಾತು ಎಂದು ಆಗ ಅಂದುಕೊಂಡಿದ್ದೆ. ಆದರೆ ಅದರಲ್ಲಿ ಇಡೀ ವ್ಯಾಪಾರದ ಗುಟ್ಟಿತ್ತು. ನಮ್ಮೂರಿನವರು ಅಪ್ಪನಿಗೆ ದುಡ್ಡು ಕೊಡುತ್ತಿದ್ದುದು ಸುಗ್ಗಿಯಲ್ಲಿ, ಅಪ್ಪ ಸೇಟಿಗೆ ಕೊಡುತ್ತಿದ್ದುದು ಸುಗ್ಗಿಯಾದ ಮೇಲೆ. ಮಾಗಡಿ ಹೊಲದ ಮಳೆ ಮಾಮೂಲ್‌ಪೇಟೆಯ ಗಲ್ಲಾಪೆಟ್ಟಿಗೆಗೂ ಬೀಳಬೇಕಿತ್ತು.

ಪಟ್ಟಿ ಓದುವುದು ನನ್ನ ಕೆಲಸ. ಗುಂಡಿ ಒಂದು ಗ್ರೋಸು, ಅಂದರೆ ಹನ್ನೆರಡು ಡಜನ್, 144. ರಿಬ್ಬನ್ನು ಇಷ್ಟು ಸುರುಳಿ, ಸೂಜಿ ಇಷ್ಟು ಪಾಕೀಟು. ನಾನು ಓದಿದಂತೆಲ್ಲ ಹುಡುಗನೊಬ್ಬ ಏಣಿ ಹತ್ತಿ ಅಟ್ಟದಿಂದ ಡಬ್ಬಿಗಳನ್ನು ಇಳಿಸುತ್ತಿದ್ದ. ಸೇಟು ಕೆಂಪು ಬಟ್ಟೆಯ ರಟ್ಟಿನ ಉದ್ದನೆ ಪುಸ್ತಕದಲ್ಲಿ ಅದನ್ನು ಇಳಿಸಿಕೊಳ್ಳುತ್ತಿದ್ದರು. ಕೂಡುವುದು ಬಾಯಲ್ಲೇ. ಅಪ್ಪನ ರುಜು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಆಮೇಲೆ ಸರಕು ಕಟ್ಟುವ ಸಂಭ್ರಮ. ಗಾಜಿನ ಬಳೆಗಳನ್ನು ಭತ್ತದ ಹುಲ್ಲಿನ ನಡುವೆ ಮಲಗಿಸಿ, ಸುತ್ತ ರಟ್ಟು ಕೊಟ್ಟು, ಗೋಣಿತಟ್ಟು ಸುತ್ತಿ, ದಬ್ಬಣದಿಂದ ಹುರಿ ಎಳೆದು ಹೊಲಿಯುತ್ತಿದ್ದರು. ಹೊಲಿಯುವ ಮುದುಕ ಒಂದೊಂದು ಹೊಲಿಗೆಗೂ ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದ. ಕೊನೆಗೆ ಕುಂಚವನ್ನು ಕಪ್ಪು ಮಸಿಯಲ್ಲಿ ಅದ್ದಿ ಮೂಟೆಯ ಹೊಟ್ಟೆಯ ಮೇಲೆ ಅಪ್ಪನ ಹೆಸರಿನ ಮೊದಲಕ್ಷರ, ಕೆಳಗೆ ನಮ್ಮೂರ ಹೆಸರು. ಅಷ್ಟು ದೊಡ್ಡ ಪೇಟೆಯಲ್ಲಿ, ಅಷ್ಟು ಜನದ ನಡುವೆ, ನಕ್ಷೆಯಲ್ಲೂ ಸಿಗದ ನಮ್ಮೂರ ಹೆಸರು ಒದ್ದೆ ಮಸಿಯಲ್ಲಿ ಹೊಳೆಯುತ್ತಿದ್ದಾಗ ನನಗಾಗುತ್ತಿದ್ದ ಖುಷಿಗೆ ಸಾಟಿಯೇ ಇರಲಿಲ್ಲ.

ಮೂಟೆ ಕಟ್ಟುವಷ್ಟರಲ್ಲಿ ನಮಗೆ ಊರು ಸುತ್ತಲು ಬಿಡುವು. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ, ಅಪ್ಪನಿಗೆ ಕಾಫಿ, ನನಗೆ ಅದರ ತಳದ ಗುಟುಕು. ಪಕ್ಕದ ವಾದ್ಯದಂಗಡಿಗಳಲ್ಲಿ ಯಾರೋ ಹಾರ್ಮೋನಿಯಂನ ಒಂದೇ ಸ್ವರವನ್ನು ಒತ್ತಿ ಒತ್ತಿ ನೋಡುತ್ತಿರುತ್ತಿದ್ದರು, ಯಾರೋ ತಬಲಾದ ಬಾರು ಬಿಗಿಯುತ್ತಿರುತ್ತಿದ್ದರು. ಕಬ್ಬನ್‌ಪೇಟೆ ಕಡೆ ಹೋದರೆ ಮನೆಮನೆಯ ಮಗ್ಗದ ಲಟಪಟ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕಗಳ ರಾಶಿ. ಯಾರೋ ಅಡಿಗೆರೆ ಎಳೆದು ಓದಿ ಪಾಸಾದ ಪುಸ್ತಕವನ್ನು ಅರ್ಧ ಬೆಲೆಗೆ ತಂದು ನಾನೂ ಪಾಸಾದೆ. ಊರಿನ ಹುಡುಗನಿಗೆ ಇವೆಲ್ಲ ಪಾಠದಲ್ಲಿ ಸಿಗದ ಪಾಠಗಳು. ಸೂಜಿ, ದಾರ ತರಲು ಹೋದವನು ಸಂಗೀತ, ನೇಯ್ಗೆ, ನಾಲ್ಕೈದು ಭಾಷೆ ಕೇಳಿಸಿಕೊಂಡು ಬರುತ್ತಿದ್ದೆ.

ಆಗ ಪೇಟೆಯಲ್ಲಿ ಮನೆಗಳಿದ್ದವು. ಕೆಳಗೆ ಅಂಗಡಿ, ಮೇಲೆ ಸಂಸಾರ. ಗಲ್ಲಿಯ ಒಳಗಿನ ಗಲ್ಲಿಗೆ ತಿರುಗಿದರೆ ಮರದ ಕಂಬದ ಜಗುಲಿ, ಸಗಣಿ ಸಾರಿಸಿದ ಬಾಗಿಲಲ್ಲಿ ರಂಗೋಲಿ, ಮಹಡಿಯಿಂದ ಹಗ್ಗ ಕಟ್ಟಿ ತರಕಾರಿ ಬುಟ್ಟಿ ಇಳಿಬಿಡುವ ಅಜ್ಜಿ. ಗರಡಿ ಮನೆಯ ಬಾಗಿಲು ತೆರೆದಿದ್ದರೆ ಕೆಮ್ಮಣ್ಣಿನ ಘಮ. ಪೇಟೆ ಅದಕ್ಕೂ ಮುಂಚೆ ಒಮ್ಮೆ ಬರಿದಾಗಿತ್ತು ನಿಜ. 1898ರ ಪ್ಲೇಗಿಗೆ ಹೆದರಿ ಉಳ್ಳವರು ಇಲ್ಲಿಂದ ಹೊರಬಿದ್ದರು, ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳು ಹುಟ್ಟಿಕೊಂಡವು. ಈಗ ಪ್ಲೇಗಿಲ್ಲದೆಯೇ ಮನೆಗಳು ಖಾಲಿಯಾಗಿವೆ. ಅಡುಗೆಮನೆಗಳಲ್ಲಿ ರಟ್ಟಿನ ಡಬ್ಬ ಪೇರಿಸಿದ್ದಾರೆ, ದೇವರಮನೆಗಳು ಗೋಡೌನಾಗಿವೆ. ಬಾಡಿಗೆಯ ಲೆಕ್ಕದಲ್ಲಿ ಮನುಷ್ಯರಿಗಿಂತ ಸಾಮಾನೇ ಲಾಭ. ರಾತ್ರಿ ಒಂಬತ್ತಕ್ಕೆ ಶಟರ್ ಎಳೆದರೆ ಬೀದಿಯಲ್ಲಿ ನಾಯಿ ಬಿಟ್ಟು ಯಾರೂ ಇಲ್ಲ.

ಚೈತ್ರ ಹುಣ್ಣಿಮೆಯ ರಾತ್ರಿ ಮಾತ್ರ ಹಳೇ ಪೇಟೆ ಮತ್ತೆ ಮೈದುಂಬುತ್ತದೆ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ, ಕತ್ತಿ ಹಿಡಿದ ವೀರಕುಮಾರರ ನಡುವೆ, ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುವ ಆ ರಾತ್ರಿ ಹೊರಗೆ ಹೋಗಿ ನೆಲೆಸಿದವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ. ಮುಚ್ಚಿದ ಶಟರುಗಳನ್ನು ತೋರಿಸಿ ‘ಇಲ್ಲೇ ನಮ್ಮ ಮನೆ ಇತ್ತು’ ಎನ್ನುತ್ತಾರೆ. ಬೆಳಗಾದರೆ ಮತ್ತೆ ಲಾರಿ, ಟೆಂಪೊ, ಡಬ್ಬ.

ಈಗ ಪೇಟೆಗೆ ಹೋಗುವುದು ಸುಲಭ. 2017ರ ಜೂನ್‌ನಲ್ಲಿ ಶುರುವಾದ ಸುರಂಗದ ಮೆಟ್ರೊ ಚಿಕ್ಕಪೇಟೆ ಸ್ಟೇಷನ್ನಿನಲ್ಲಿ ಇಳಿಸುತ್ತದೆ, ಎಸ್ಕಲೇಟರ್ ಹತ್ತಿದರೆ ಪೇಟೆಯೇ ಎದುರಿಗೆ. ಆದರೆ ಅಷ್ಟು ಸುಲಭವಾಗಿ ಬಂದವನನ್ನು ಕೂರಿಸಲು ಅಲ್ಲಿ ಗಾದಿ ಉಳಿದಿಲ್ಲ. ಕೌಂಟರು, ಕಂಪ್ಯೂಟರು, ಕ್ಯೂಆರ್ ಕೋಡಿನ ಹಲಗೆ. ‘ಎಷ್ಟು ಪೀಸ್ ಬೇಕು?’ ಎಂದು ಕೇಳುವ ಹುಡುಗ ಎಲ್ಲಿಯವನೋ, ಕೇಳುವ ನಾವು ಯಾವೂರಿನವರೋ, ಇಬ್ಬರಿಗೂ ಬೇಕಾಗಿಲ್ಲ. ಮೆಟ್ರೊ ಬಂದ ಮರುತಿಂಗಳೇ ಜಿಎಸ್‌ಟಿಯೂ ಬಂತು. ಬಾಯಿಮಾತಿನ ಲೆಕ್ಕ, ಕೆಂಪು ರಟ್ಟಿನ ಪುಸ್ತಕ ಮೂಲೆ ಸೇರಿದವು. 2020ರ ಲಾಕ್‌ಡೌನಿನಲ್ಲಿ ಪೇಟೆಯ ಬಾಗಿಲುಗಳು ಮುಚ್ಚಿದಾಗ ಜನ ಫೋನಿನಲ್ಲೇ ಎಲ್ಲ ತರಿಸುವುದನ್ನು ರೂಢಿ ಮಾಡಿಕೊಂಡರು. ಬಾಗಿಲು ತೆರೆದ ಮೇಲೂ ಆ ರೂಢಿ ಬಿಡಲಿಲ್ಲ.

ಇದರಲ್ಲಿ ಒಳ್ಳೆಯದಿಲ್ಲ ಎಂದರೆ ಅನ್ಯಾಯವಾಗುತ್ತದೆ. ಅಪ್ಪ ಮೂಟೆ ಹೊತ್ತು ಬಸ್ಸಿನ ಟಾಪಿಗೇರಿಸಿ ಏರಿಸಿಯೇ ಸೊಂಟ ಕಳೆದುಕೊಂಡವರು. ಈಗ ನಮ್ಮೂರ ಅಂಗಡಿಯ ಬಾಗಿಲಿಗೇ ಡಿಸ್ಟ್ರಿಬ್ಯೂಟರ್ ವ್ಯಾನು ಬಂದು ನಿಲ್ಲುತ್ತದೆ. ಆಗ ಅಮ್ಮ ರಿಬ್ಬನ್ನಿನ ಬಣ್ಣವನ್ನು ಬಾಯಲ್ಲಿ ಹೇಳಿ ಕಳಿಸಬೇಕಿತ್ತು, ಅಪ್ಪ ತಂದದ್ದನ್ನೇ ಒಪ್ಪಬೇಕಿತ್ತು. ಪೇಟೆಯನ್ನು ಅವರು ಕಣ್ಣಾರೆ ಕಂಡದ್ದೇ ಕಡಿಮೆ. ಈಗ ಮೊಮ್ಮಗಳು ಮಂಚದ ಮೇಲೆ ಕೂತು ನೂರು ಬಣ್ಣ ನೋಡಿ ಒಂದನ್ನು ಆರಿಸುತ್ತಾಳೆ, ಬೇಡವೆನಿಸಿದರೆ ವಾಪಸ್ಸು ಕಳಿಸುತ್ತಾಳೆ. ಆ ಸ್ವಾತಂತ್ರ್ಯ ಅಮ್ಮನಿಗೂ ಸಿಕ್ಕಿದ್ದರೆ ಎಂದು ಅನಿಸದೆ ಇರುವುದಿಲ್ಲ. ಉದ್ರಿಯೂ ಎಲ್ಲರಿಗೂ ಸಿಗುತ್ತಿರಲಿಲ್ಲ. ಮಾತಿಗೆ ತಪ್ಪಿದವನನ್ನು ಪೇಟೆ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಿತ್ತು.

ಆದರೂ ಸರಕು ತಾನಾಗಿ ಊರಿಗೆ ಬರತೊಡಗಿದಾಗ ನಾವು ಪೇಟೆಗೆ ಹೋಗುವುದು ನಿಂತಿತು, ಅದರ ಜೊತೆಗೆ ಎರಡು ಊರುಗಳ ನಡುವಿನ ಮಾತೂ ನಿಂತಿತು. ಮೊಮ್ಮಗಳ ಮನೆಗೆ ಬರುವ ಪೊಟ್ಟಣದ ಮೇಲೆ ಊರಿನ ಹೆಸರು, ಪಿನ್‌ಕೋಡು ಎಲ್ಲ ಅಚ್ಚುಕಟ್ಟಾಗಿ ಅಚ್ಚಾಗಿರುತ್ತದೆ. ಅದನ್ನು ಕಳಿಸಿದ ಯಾರೊಬ್ಬರಿಗೂ ಅಲ್ಲಿ ಮಳೆಯಾಯಿತೇ ಎಂಬ ಚಿಂತೆ ಇಲ್ಲ. ರಾಗಿ ಒಣಗಿದರೆ ಅವರ ಗಲ್ಲಾಪೆಟ್ಟಿಗೆಗೆ ಏನೂ ಆಗುವುದಿಲ್ಲ. ಕೊಳ್ಳುವವನ ಕಷ್ಟ ಮಾರುವವನಿಗೂ ತಟ್ಟುತ್ತಿದ್ದ ಕಾಲ ಹೋಯಿತು. ಇದನ್ನು ಪ್ರಗತಿಯ ಖಾತೆಯಲ್ಲಿ ಬರೆಯುವವರು ನಷ್ಟದ ಕಾಲಮ್ಮನ್ನು ಖಾಲಿ ಬಿಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಮುಂದೆ ಮದುವೆ ಬಂದರೆ ಒಮ್ಮೆ ಮಾಮೂಲ್‌ಪೇಟೆಗೆ ಹೋಗಿ. ಭಾನುವಾರ ಬೇಡ, ಅಂಗಡಿಗಳು ಬಹುತೇಕ ಬಾಗಿಲು ಹಾಕಿರುತ್ತವೆ. ವಾರದ ನಡುವೆ, ಜನ ಸೇರುವ ಮುಂಚೆ ಹೋಗಿ. ತೋರಣಕ್ಕೋ ತಾಂಬೂಲದ ಚೀಲಕ್ಕೋ ಫೋನಿಗಿಂತ ಹತ್ತು ರೂಪಾಯಿ ಹೆಚ್ಚೇ ಆಗಲಿ, ಚೌಕಾಸಿ ಮಾಡಿ. ಬಿಲ್ಲು ಬರೆಯುವಾಗ ಅವರು ಕೇಳದಿದ್ದರೂ ನಿಮ್ಮದು ಯಾವೂರು ಎಂದು ಹೇಳಿ, ಅವರದು ಯಾವೂರು ಎಂದು ಕೇಳಿ. ಮೊದಲ ಸಲ ವಿಚಿತ್ರವಾಗಿ ನೋಡಬಹುದು. ಎರಡನೇ ಸಲ ಹೋದಾಗ ಅವರೇ ಕೇಳುತ್ತಾರೆ.